ದೇವಿಕಾ ರಾಣಿ

ದೇವಿಕಾ ರಾಣಿ ರೋರಿಚ್ (ಮಾರ್ಚ್ 30, 1908 – ಮಾರ್ಚ್ 9, 1994) ಭಾರತೀಯ ವಾಕ್ಚಿತ್ರಗಳ ಮೊದಲ ದಶಕದ ಪ್ರಮುಖ ನಟಿ ಹಾಗೂ ಬಾಂಬೆ ಟಾಕೀಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಭಾರತೀಯ ಚಿತ್ರರಂಗದ ಪ್ರಥಮ ಮಹಿಳೆ ಎಂಬ ಗೌರವದ ಹೆಸರು ಅವರಿಗಿದೆ. ಭಾರತ ಸರ್ಕಾರವು ಸ್ಥಾಪಿಸಿದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊತ್ತಮೊದಲು ಪಡೆದವರೂ ಅವರೇ. ಅಸ್ಪೃಶ್ಯ ಕನ್ಯೆಯೊಬ್ಬಳ ವಿಫಲ ಪ್ರೇಮದ ಕಥೆಯುಳ್ಳ ‘ಅಛೂತ್ ಕನ್ಯಾ’ (1936) ಅವರ ಅತ್ಯಂತ ಪ್ರಸಿದ್ಧ ಚಿತ್ರ. ಮೊದಲ ಪತಿ ಹಿಮಾಂಶು ರಾಯ್ ಅವರ ಮರಣಾನಂತರ ಕೆಲವು ವರ್ಷ ಸಂಸ್ಥೆಯನ್ನು ನಡೆಸಿ, 1945ರಲ್ಲಿ ಚಿತ್ರರಂಗವನ್ನು ತೊರೆದು, ರಷ್ಯದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಚ್ ಅವರನ್ನು ವಿವಾಹವಾದರು. ಬದುಕಿನ ಉತ್ತರಾರ್ಧವನ್ನು ಅವರು ಹೆಚ್ಚಾಗಿ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯಲ್ಲಿರುವ ತಾತಗುಣಿ ಎಸ್ಟೇಟಿನಲ್ಲಿ ಕಳೆದರು.

ಜನನ ಮತ್ತು ಮನೆತನ

ದೇವಿಕಾ ರಾಣಿಯವರು ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ವಾಲ್ಟೇರಿನಲ್ಲಿ (ಇಂದಿನ ವಿಶಾಖಪಟ್ಟಣ) ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕರ್ನಲ್ ಮನ್ಮಥನಾಥ ಚೌಧುರಿ; ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯರು. ತಾಯಿ ಲೀಲಾದೇವಿ. ಚೌಧುರಿಯವರದು ವಿದ್ಯಾವಂತರ ಮನೆತನ. ತಂದೆಯ ಸೋದರರಲ್ಲಿ ಆಶುತೋಷ್ ಚೌಧುರಿಯವರು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಪ್ರಮಥ ಚೌಧುರಿಯವರು ಬಂಗಾಳಿಯ ಹೆಸರಾಂತ ಲೇಖಕರು. ರವೀಂದ್ರನಾಥ ಠಾಕೂರರ ಕುಟುಂಬದೊಂದಿಗೂ ಈ ಮನೆತನಕ್ಕೆ ರಕ್ತಸಂಬಂಧವಿತ್ತು.

ಸಿನಿಮಾದಲ್ಲಿ ನಟಿಸುವುದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಸಲ್ಲದು ಎಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು. ಮೂಕಿಚಿತ್ರಗಳ ಆರಂಭದ ದಿನಗಳಲ್ಲಿ ಸ್ತ್ರೀಪಾತ್ರಗಳಿಗೆ ಹೆಂಗಸರು ದೊರೆಯದೆ ಗಂಡಸರೇ ಸೀರೆಯುಟ್ಟು ಅಭಿನಯಿಸಬೇಕಾಗಿತ್ತು. ಇಂತಹ ಹಿನ್ನೆಲೆಯಲ್ಲಿ ಉನ್ನತ ಮನೆತನದ, ವಿದೇಶದಲ್ಲಿ ಕಲಿತ ಯುವತಿಯೊಬ್ಬಳು ತನ್ನದೇ ಹೆಸರಿನಿಂದ ತೆರೆಯ ಮೇಲೆ ಬಂದುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ವಿದ್ಯಾಭ್ಯಾಸ

ಒಂಬತ್ತನೆಯ ವಯಸ್ಸಿನಲ್ಲಿಯೇ ದೇವಿಕಾ ರಾಣಿಯವರನ್ನು ಇಂಗ್ಲೆಂಡಿನ ವಸತಿ ಶಾಲೆಗೆ ಕಳುಹಿಸಲಾಯಿತು. ಶಾಲಾ ಶಿಕ್ಷಣದ ನಂತರ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಮತ್ತು ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆಗಳಲ್ಲಿ ನಾಟಕ ಹಾಗೂ ಸಂಗೀತವನ್ನು ಅಭ್ಯಾಸ ಮಾಡಿದರು. ವಾಸ್ತುಶಿಲ್ಪ, ಜವಳಿ ವಿನ್ಯಾಸ, ಅಲಂಕರಣ ಕಲೆಗಳನ್ನೂ ಕಲಿತು, ಜವಳಿ ವಿನ್ಯಾಸಕಿಯಾಗಿ ಉದ್ಯೋಗಕ್ಕೆ ಸೇರಿದರು.

ಹಿಮಾಂಶು ರಾಯ್ ಅವರೊಂದಿಗೆ ವಿವಾಹ

1928ರಲ್ಲಿ ಲಂಡನ್ನಿನಲ್ಲಿ ದೇವಿಕಾ ರಾಣಿಯವರಿಗೆ ಹಿಮಾಂಶು ರಾಯ್ ಅವರ ಪರಿಚಯವಾಯಿತು. ವಕೀಲಿ ಶಿಕ್ಷಣ ಪಡೆದು ರಂಗಭೂಮಿಗೆ, ಅಲ್ಲಿಂದ ಸಿನಿಮಾಕ್ಕೆ ಬಂದಿದ್ದ ರಾಯ್, ಜರ್ಮನಿಯ ಸಹಯೋಗದಲ್ಲಿ ಭಾರತೀಯ ಕಥಾವಸ್ತುವಿನ ಚಿತ್ರಗಳನ್ನು ನಿರ್ಮಿಸುತ್ತಿದ್ದರು. ಬುದ್ಧನ ಜೀವನವನ್ನು ಕುರಿತ ‘ದಿ ಲೈಟ್ ಆಫ್ ಏಷ್ಯಾ’ (1925), ತಾಜಮಹಲಿನ ಹಿನ್ನೆಲೆಯ ‘ಶಿರಾಜ್’ (1928) ಅವರ ಹೆಸರನ್ನು ಯುರೋಪಿನಲ್ಲಿ ಪರಿಚಯಿಸಿದ್ದವು. ಅವರ ಮುಂದಿನ ಚಿತ್ರ ‘ಎ ಥ್ರೋ ಆಫ್ ಡೈಸ್’ (1929). ಇದರ ವಸ್ತ್ರವಿನ್ಯಾಸ ಹಾಗೂ ಕಲಾ ವಿಭಾಗದಲ್ಲಿ ದೇವಿಕಾ ರಾಣಿಯವರು ನೆರವಾದರು. 1929ರಲ್ಲಿ ಅವರಿಬ್ಬರ ವಿವಾಹ ನಡೆಯಿತು. ರಾಯ್ ಅವರಿಗೆ ಇದಕ್ಕೆ ಮೊದಲೇ ಜರ್ಮನ್ ಮಹಿಳೆಯೊಬ್ಬರೊಂದಿಗೆ ಮದುವೆಯಾಗಿ ಒಬ್ಬ ಮಗಳಿದ್ದಳು.

ವಿವಾಹದ ನಂತರ ದಂಪತಿಗಳು ಜರ್ಮನಿಯಲ್ಲಿದ್ದರು. ಬರ್ಲಿನ್ನಿನ ಉಫಾ ಸ್ಟುಡಿಯೋ ಆಗ ಯುರೋಪಿನ ಅತ್ಯುತ್ತಮ ಚಿತ್ರಶಾಲೆಗಳಲ್ಲೊಂದು. ಫ್ರಿಟ್ಸ್ ಲಾಂಗ್, ಪಾಬ್ಸ್ಟ್ ಮೊದಲಾದ ನಿರ್ದೇಶಕರು ಕೆಲಸ ಮಾಡುತ್ತಿದ್ದ ಅಲ್ಲಿನ ವಾತಾವರಣದಲ್ಲಿ ದೇವಿಕಾ ರಾಣಿಯವರು ಚಿತ್ರನಿರ್ಮಾಣದ ಬೇರೆಬೇರೆ ವಿಭಾಗಗಳನ್ನು ಹತ್ತಿರದಿಂದ ಕಂಡರು. ಮುಂದೆ ಸಂಸ್ಥೆಯೊಂದರ ಹೊಣೆ ತಮ್ಮ ಹೆಗಲಿಗೆ ಬಂದಾಗ ಈ ಅನುಭವ ಅವರ ನೆರವಿಗೆ ಬಂದಿತು.

ಕರ್ಮ

ದೇವಿಕಾ ರಾಣಿಯವರು ನಟಿಸಿದ ಮೊದಲ ಚಿತ್ರ ‘ಕರ್ಮ’. ಇಂಗ್ಲಿಷ್ ಮತ್ತು ಹಿಂದಿ ಎರಡೂ ಭಾಷೆಗಳಲ್ಲಿ ತಯಾರಾದ ಈ ಚಿತ್ರದ ಇಂಗ್ಲಿಷ್ ಆವೃತ್ತಿ 1933ರಲ್ಲಿ ಲಂಡನ್ನಿನಲ್ಲಿ ತೆರೆ ಕಂಡಿತು. ನೆರೆರಾಜ್ಯದ ರಾಜಕುಮಾರನನ್ನು ಪ್ರೀತಿಸುವ ರಾಣಿಯ ಪಾತ್ರ ದೇವಿಕಾ ರಾಣಿಯವರದು. ರಾಜಕುಮಾರನಾಗಿ ಹಿಮಾಂಶು ರಾಯ್ ಅವರೇ ಅಭಿನಯಿಸಿದರು. ನಾಯಕಿಯ ಇಂಗ್ಲಿಷ್ ಉಚ್ಚಾರಣೆಯನ್ನೂ ರೂಪವನ್ನೂ ಲಂಡನ್ನಿನ ಪತ್ರಿಕೆಗಳು ಮೆಚ್ಚಿಕೊಂಡವು. ಭಾರತದಲ್ಲಿ ಬಿಡುಗಡೆಯಾದ ಹಿಂದಿ ಆವೃತ್ತಿ ಮಾತ್ರ ಯಶಸ್ಸು ಕಾಣಲಿಲ್ಲ.

ಈ ಚಿತ್ರದ ಚುಂಬನ ದೃಶ್ಯದ ಬಗ್ಗೆ ಇಂದಿಗೂ ಬಹಳಷ್ಟು ಬರೆಯಲಾಗುತ್ತಿದೆ. ಅದು ಭಾರತೀಯ ಸಿನಿಮಾದ ಮೊದಲ ಚುಂಬನವೆಂದೂ, ನಾಲ್ಕು ನಿಮಿಷಗಳಷ್ಟು ದೀರ್ಘವಾದುದೆಂದೂ ಹೇಳುವುದು ರೂಢಿಯಾಗಿದೆ. ಆದರೆ ಮೂಕಿಚಿತ್ರಗಳಲ್ಲಿಯೇ ಅಂತಹ ದೃಶ್ಯಗಳಿದ್ದವು. ದೃಶ್ಯದ ಸಂದರ್ಭವೂ ಶೃಂಗಾರದ್ದಲ್ಲ: ಹಾವು ಕಚ್ಚಿ ಪ್ರಜ್ಞೆತಪ್ಪಿ ಬಿದ್ದಿರುವ ಪ್ರಿಯಕರನನ್ನು ಕಳೆದುಕೊಳ್ಳುವ ಭಯದಲ್ಲಿ ನಾಯಕಿಯು ಅವನನ್ನು ಎಚ್ಚರಿಸಲು ಯತ್ನಿಸುತ್ತಾಳೆ.

ಬಾಂಬೆ ಟಾಕೀಸ್

ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಬಳಿಕ ಅಲ್ಲಿನ ಚಿತ್ರೋದ್ಯಮದ ಸ್ವರೂಪವೇ ಬದಲಾಯಿತು. ಭಾರತಕ್ಕೆ ಮರಳಿದ ದಂಪತಿಗಳು 1934ರಲ್ಲಿ ಮುಂಬಯಿಯ ಮಲಾಡ್ ಪ್ರದೇಶದಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದೂ ಇದೇ ವರ್ಷ. ಆ ಕಾಲದಲ್ಲಿ ದಕ್ಷಿಣದ ಚಿತ್ರಗಳ ಚಿತ್ರೀಕರಣಕ್ಕೆ ಬೇರೆ ಊರುಗಳ ಸ್ಟುಡಿಯೋಗಳಿಗೆ ಹೋಗಬೇಕಾಗಿತ್ತು. ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದಲ್ಲಿ. ಅಂತಹ ಸಮಯದಲ್ಲಿ ಧ್ವನಿಗ್ರಹಣದಿಂದ ಹಿಡಿದು ಸಂಸ್ಕರಣೆಯವರೆಗೆ ಎಲ್ಲ ಸೌಕರ್ಯಗಳನ್ನೂ ಒಂದೇ ಆವರಣದಲ್ಲಿ ಹೊಂದಿದ್ದ ಬಾಂಬೆ ಟಾಕೀಸ್ ದೇಶದ ಸುಸಜ್ಜಿತ ಚಿತ್ರಶಾಲೆಗಳಲ್ಲಿ ಒಂದಾಗಿತ್ತು.

ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಮೊದಲಾದ ಜರ್ಮನ್ ತಂತ್ರಜ್ಞರು ಇಲ್ಲಿ ಕೆಲಸ ಮಾಡಿದರು. ನಿರಂಜನ್ ಪಾಲ್ ಕಥೆಗಳನ್ನು ಬರೆದರು. ಭಾರತೀಯ ಚಿತ್ರರಂಗದ ಮೊದಲ ಮಹಿಳಾ ಸಂಗೀತ ನಿರ್ದೇಶಕರಲ್ಲಿ ಒಬ್ಬರಾದ ಸರಸ್ವತಿ ದೇವಿಯವರು ಸಂಗೀತ ವಿಭಾಗವನ್ನು ನೋಡಿಕೊಂಡರು. ಪಾರ್ಸಿ ಮನೆತನದ ಅವರು ಸಿನಿಮಾಕ್ಕೆ ಬಂದುದನ್ನು ತಮ್ಮ ಸಮುದಾಯದವರು ವಿರೋಧಿಸಿದ್ದರಿಂದ ಹೆಸರನ್ನು ಬದಲಿಸಿಕೊಳ್ಳಬೇಕಾಯಿತು.

ಸಂಸ್ಥೆಯ ಮೊದಲ ಚಿತ್ರ ‘ಜವಾನಿ ಕಿ ಹವಾ’ (1935). ದೇವಿಕಾ ರಾಣಿಯವರಿಗೆ ಜೊತೆಯಾಗಿ ನಜ್ಮುಲ್ ಹಸನ್ ನಟಿಸಿದರು. ಮುಂದಿನ ಚಿತ್ರ ‘ಜೀವನ್ ನೈಯಾ’ದ ಚಿತ್ರೀಕರಣದ ಅವಧಿಯಲ್ಲಿ ದೇವಿಕಾ ರಾಣಿಯವರು ಪತಿಯನ್ನು ತೊರೆದು ಹಸನ್ ಅವರೊಂದಿಗೆ ಕಲ್ಕತ್ತೆಗೆ ಹೋದರು. ಈ ಘಟನೆಯನ್ನು ಉರ್ದು ಲೇಖಕ ಸಆದತ್ ಹಸನ್ ಮಂಟೋ ಅವರು ಅಶೋಕ್ ಕುಮಾರರನ್ನು ಕುರಿತ ತಮ್ಮ ಬರಹದಲ್ಲಿ ವಿವರಿಸಿದ್ದಾರೆ. ಸಂಸ್ಥೆಯಲ್ಲಿದ್ದ ಶಶಧರ್ ಮುಖರ್ಜಿಯವರ ಮಧ್ಯಸ್ಥಿಕೆಯಿಂದ ದೇವಿಕಾ ರಾಣಿಯವರು ಹಿಂದಿರುಗಿದರು. ಹಸನ್ ಅವರನ್ನು ಕೈಬಿಡಲಾಯಿತು. ಅವರ ಸ್ಥಾನಕ್ಕೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ತರುಣನೊಬ್ಬನನ್ನು ನಾಯಕನನ್ನಾಗಿ ಆರಿಸಲಾಯಿತು. ಆತನೇ ಅಶೋಕ್ ಕುಮಾರ್. ನಟನಾಗುವ ಇಚ್ಛೆಯಿಲ್ಲದೆಯೇ ಕ್ಯಾಮೆರಾದ ಮುಂದೆ ನಿಂತ ಆ ತರುಣ ಮುಂದೆ ಹಿಂದಿ ಚಿತ್ರರಂಗದ ಮೇರು ನಟರಲ್ಲೊಬ್ಬರಾದರು.

ಅಛೂತ್ ಕನ್ಯಾ

1936ರಲ್ಲಿ ಬಿಡುಗಡೆಯಾದ ‘ಅಛೂತ್ ಕನ್ಯಾ’ ದೇವಿಕಾ ರಾಣಿಯವರ ವೃತ್ತಿಜೀವನದ ಶಿಖರವೆನ್ನಬಹುದು. ರೈಲ್ವೆ ಗೇಟ್ ಕಾಯುವ ದುಖಿಯಾ ಎಂಬಾತನ ಮಗಳು ಕಸ್ತೂರಿ ಮತ್ತು ಬ್ರಾಹ್ಮಣ ವ್ಯಾಪಾರಿ ಮೋಹನ್‌ಲಾಲನ ಮಗ ಪ್ರತಾಪ್ ಬಾಲ್ಯದಿಂದ ಜೊತೆಯಲ್ಲಿ ಬೆಳೆದವರು. ಹಾವು ಕಚ್ಚಿದ್ದ ಮೋಹನ್‌ಲಾಲನ ಪ್ರಾಣವನ್ನು ದುಖಿಯಾ ಉಳಿಸಿದಂದಿನಿಂದ ಎರಡು ಮನೆಗಳ ನಡುವೆ ಸ್ನೇಹವಿದೆ. ಸ್ನೇಹವನ್ನು ಹೇಗೋ ಸಹಿಸುವ ಊರು ಪ್ರೇಮವನ್ನು ಸಹಿಸುವುದಿಲ್ಲ. ಪ್ರತಾಪನಿಗೆ ಸ್ವಜಾತಿಯ ಮೀರಾಳೊಂದಿಗೆ, ಕಸ್ತೂರಿಗೆ ತನ್ನ ಜಾತಿಯ ಮನ್ನುವಿನೊಂದಿಗೆ ಮದುವೆಯಾಗುತ್ತದೆ. ಇಬ್ಬರೂ ವಿಧಿಯನ್ನು ಒಪ್ಪಿಕೊಂಡು ಸಂಸಾರ ನಡೆಸಲು ಯತ್ನಿಸಿದರೂ ಇತರರ ಅಸೂಯೆ ಅವರನ್ನು ಬಿಡುವುದಿಲ್ಲ. ಇಬ್ಬರನ್ನೂ ಜೊತೆಯಾಗಿ ಕಂಡ ಮನ್ನು ತಪ್ಪು ತಿಳಿದು ಪ್ರತಾಪನ ಮೇಲೆರಗುತ್ತಾನೆ. ರೈಲು ಹಳಿಗಳ ಮೇಲೆ ನಡೆಯುವ ಆ ಹೊಡೆದಾಟದ ಹೊತ್ತಿಗೆ ರೈಲು ಬರುತ್ತದೆ. ಅವರಿಬ್ಬರನ್ನೂ ಉಳಿಸಲು ರೈಲನ್ನು ತಡೆಯಹೋದ ಕಸ್ತೂರಿ ಅದಕ್ಕೆ ಬಲಿಯಾಗುತ್ತಾಳೆ.

ಚಿತ್ರವು ಈ ಕಥೆಯನ್ನು ನೇರವಾಗಿ ಆರಂಭಿಸುವುದಿಲ್ಲ. ರಾತ್ರಿಯ ವೇಳೆ ರೈಲ್ವೆ ಗೇಟಿನ ಬಳಿ ಕಾರು ನಿಲ್ಲಿಸಿದ ದಂಪತಿಗಳಿಗೆ ಕಸ್ತೂರಿಯ ಕಥೆ ತಿಳಿದುಬರುವಂತೆ ನಿರೂಪಣೆಯಿದೆ. ಎಂದೋ ನಡೆದು ಹೋದ ಸಾವಿನ ದುಃಖ ಆ ಸ್ಥಳದಲ್ಲಿ ಇನ್ನೂ ಉಳಿದಿದೆ ಎಂಬ ಭಾವ ಇದರಿಂದ ಪ್ರೇಕ್ಷಕರಲ್ಲಿ ಮೂಡುತ್ತದೆ. ಗಾಂಧೀಜಿಯವರ ಅಸ್ಪೃಶ್ಯತಾ ನಿವಾರಣಾ ಚಳವಳಿ ದೇಶದಾದ್ಯಂತ ಹರಡಿದ್ದ ಸಮಯದಲ್ಲಿ ಬಂದ ಈ ಚಿತ್ರ ಜನಮನ್ನಣೆಯನ್ನು ಗಳಿಸಿತು.

ಚಿತ್ರವನ್ನು ಕುರಿತು ಆಕ್ಷೇಪಗಳೂ ಇವೆ. ಕಸ್ತೂರಿಯ ತಿದ್ದಿದ ಹುಬ್ಬು, ನಯವಾದ ಉಡುಗೆ ಹಳ್ಳಿಯ ಬಡ ಹುಡುಗಿಗೆ ಹೊಂದುವಂಥವಲ್ಲ. ಪ್ರೇಮಿಗಳ ಮದುವೆಯನ್ನು ತೋರಿಸಲು ಧೈರ್ಯ ಮಾಡದ ಕಥೆಯು, ಅಸ್ಪೃಶ್ಯ ಕನ್ಯೆಯ ಬಲಿದಾನದಿಂದಲೇ ಸಮಸ್ಯೆಯನ್ನು ಮುಗಿಸುತ್ತದೆ. ಆದರೂ ಜಾತಿಯ ಕಾರಣದಿಂದ ನಾಶವಾಗುವ ಪ್ರೇಮವನ್ನು ಮುಖ್ಯ ವಸ್ತುವನ್ನಾಗಿಸಿಕೊಂಡ ಆರಂಭದ ಹಿಂದಿ ವಾಕ್ಚಿತ್ರಗಳಲ್ಲಿ ಇದರ ಸ್ಥಾನ ಮಹತ್ವದ್ದು.

ಇತರ ಚಿತ್ರಗಳು

1936ರಿಂದ 1939ರವರೆಗೆ ದೇವಿಕಾ ರಾಣಿಯವರ ಚಿತ್ರಗಳು ಒಂದರ ಹಿಂದೆ ಒಂದರಂತೆ ಬಂದವು. ‘ಜನ್ಮಭೂಮಿ’ ಗ್ರಾಮಸೇವೆಯ ಆದರ್ಶವನ್ನು, ‘ಇಜ್ಜತ್’ ಎರಡು ಸಮುದಾಯಗಳ ವೈರದ ನಡುವಿನ ಪ್ರೇಮವನ್ನು ಚಿತ್ರಿಸಿದವು. ‘ಜೀವನ್ ಪ್ರಭಾತ್’ ಮತ್ತೆ ಜಾತಿಯ ಪ್ರಶ್ನೆಯನ್ನು ಎತ್ತಿಕೊಂಡಿತು. ಯಮನಿಂದ ಪತಿಯ ಪ್ರಾಣವನ್ನು ಮರಳಿ ಪಡೆಯುವ ಪುರಾಣಕಥೆಯ ‘ಸಾವಿತ್ರಿ’ಯಲ್ಲಿ (1937) ಸಾವಿತ್ರಿಯಾಗಿ ದೇವಿಕಾ ರಾಣಿ, ಸತ್ಯವಾನನಾಗಿ ಅಶೋಕ್ ಕುಮಾರ್ ನಟಿಸಿದರು. ‘ನಿರ್ಮಲಾ’, ‘ವಚನ್’ (1938), ‘ದುರ್ಗಾ’ (1939) ಅನಂತರದ ಚಿತ್ರಗಳು. ಈ ಚಿತ್ರಗಳಲ್ಲಿ ಹೆಚ್ಚಿನವು ನಾಯಕಿಯನ್ನೇ ಕೇಂದ್ರದಲ್ಲಿರಿಸಿಕೊಂಡಿದ್ದವು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರವು ಜರ್ಮನ್ ಪ್ರಜೆಗಳನ್ನು ಬಂಧನದಲ್ಲಿರಿಸಿತು. ಓಸ್ಟೆನ್ ಹಾಗೂ ಅವರ ಸಂಗಡಿಗರು ಇದಕ್ಕೆ ಹೊರತಾಗಲಿಲ್ಲ. ಪಳಗಿದ ನಿರ್ದೇಶಕರನ್ನೂ ತಂತ್ರಜ್ಞರನ್ನೂ ಸಂಸ್ಥೆಯು ಒಮ್ಮೆಲೇ ಕಳೆದುಕೊಂಡಿತು. ಈ ಆಘಾತದ ಮರುವರ್ಷವೇ, 1940ರ ಮೇ 16ರಂದು, ಹಿಮಾಂಶು ರಾಯ್ ನಿಧನರಾದರು.

ಸಂಸ್ಥೆಯ ಹೊಣೆ

ಪತಿಯ ಮರಣದ ವೇಳೆಗೆ ದೇವಿಕಾ ರಾಣಿಯವರಿಗೆ 32 ವರ್ಷ. ನೂರಾರು ಜನರಿಗೆ ಆಶ್ರಯವಾಗಿದ್ದ ಸಂಸ್ಥೆಯ ಆಡಳಿತವನ್ನು ಅವರು ವಹಿಸಿಕೊಂಡರು. ನಟನೆಯನ್ನು ಕಡಿಮೆ ಮಾಡಿ ನಿರ್ಮಾಣದತ್ತ ಗಮನ ಹರಿಸಿದರು. ಅವರ ಕಾಲದಲ್ಲಿ ಬಾಂಬೆ ಟಾಕೀಸ್ ‘ಬಸಂತ್’ (1942), ‘ಕಿಸ್ಮತ್’ (1943) ಮುಂತಾದ ಯಶಸ್ವಿ ಚಿತ್ರಗಳನ್ನು ಹೊರತಂದಿತು. ‘ಬಸಂತ್’ನಲ್ಲಿ ಬಾಲನಟಿಯಾಗಿ ಬಂದ ಹುಡುಗಿಯೇ ಮುಂದೆ ಮಧುಬಾಲಾ ಎಂದು ಹೆಸರಾದವರು. ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನಗೊಂಡು ದಾಖಲೆ ನಿರ್ಮಿಸಿತು.

ಆದರೆ ಸಂಸ್ಥೆಯ ಒಳಗೆ ಒಡಕು ಬೆಳೆಯುತ್ತಿತ್ತು. ಶಶಧರ್ ಮುಖರ್ಜಿ, ಅಶೋಕ್ ಕುಮಾರ್, ‘ಕಿಸ್ಮತ್’ನ ನಿರ್ದೇಶಕ ಜ್ಞಾನ್ ಮುಖರ್ಜಿ ಮೊದಲಾದವರು 1943ರಲ್ಲಿ ಹೊರಬಂದು ಫಿಲ್ಮಿಸ್ತಾನ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಬಿಡುಗಡೆಯಾದ ‘ಹಮಾರಿ ಬಾತ್’ ದೇವಿಕಾ ರಾಣಿಯವರು ನಟಿಸಿದ ಕೊನೆಯ ಚಿತ್ರ. ಜೈರಾಜ್ ನಾಯಕರಾಗಿದ್ದ ಈ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ರಾಜ್ ಕಪೂರ್ ಕಾಣಿಸಿಕೊಂಡರು.

ಅನುಭವಿ ನಟರು ದೂರವಾದ ಈ ಕಾಲದಲ್ಲಿಯೇ ದೇವಿಕಾ ರಾಣಿಯವರು ಯೂಸುಫ್ ಖಾನ್ ಎಂಬ ತರುಣನನ್ನು ಸಂಸ್ಥೆಗೆ ಸೇರಿಸಿಕೊಂಡು, ದಿಲೀಪ್ ಕುಮಾರ್ ಎಂಬ ಹೆಸರಿನಿಂದ ‘ಜ್ವಾರ್ ಭಾಟಾ’ (1944) ಚಿತ್ರದ ಮೂಲಕ ಪರಿಚಯಿಸಿದರು. ವಿಫಲ ಪ್ರೇಮದ ಪಾತ್ರಗಳಿಂದ ದುರಂತ ನಾಯಕನೆಂದೇ ಖ್ಯಾತರಾದ ದಿಲೀಪ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ಈ ಉಪಕಾರವನ್ನು ಸ್ಮರಿಸಿದ್ದಾರೆ.

1945ರಲ್ಲಿ ದೇವಿಕಾ ರಾಣಿಯವರು ಬಾಂಬೆ ಟಾಕೀಸನ್ನು ಬಿಟ್ಟರು. ಆಗ ಅವರ ವಯಸ್ಸು 37. ಮತ್ತೆಂದೂ ಅವರು ತೆರೆಯ ಮೇಲೆ ಬರಲಿಲ್ಲ. ಸಂಸ್ಥೆಯು 1950ರ ದಶಕದ ಮಧ್ಯಭಾಗದವರೆಗೆ ಹೇಗೋ ನಡೆದು ಮುಚ್ಚಿಹೋಯಿತು.

ಸ್ವೆತೊಸ್ಲಾವ್ ರೋರಿಚ್ ಅವರೊಂದಿಗೆ ವಿವಾಹ

1945ರಲ್ಲಿಯೇ ದೇವಿಕಾ ರಾಣಿಯವರು ಸ್ವೆತೊಸ್ಲಾವ್ ರೋರಿಚ್ (1904–1993) ಅವರನ್ನು ವಿವಾಹವಾದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜನಿಸಿದ ಸ್ವೆತೊಸ್ಲಾವ್, ಪ್ರಸಿದ್ಧ ಚಿತ್ರಕಲಾವಿದ ಹಾಗೂ ಚಿಂತಕ ನಿಕೊಲಾಯ್ ರೋರಿಚ್ ಅವರ ಕಿರಿಯ ಮಗ. ರಷ್ಯದ ಕ್ರಾಂತಿಯ ಕಾಲದಲ್ಲಿ ತಾಯ್ನಾಡಿನಿಂದ ದೂರವಾದ ರೋರಿಚ್ ಕುಟುಂಬವು ಹಲವು ದೇಶಗಳಲ್ಲಿ ಸಂಚರಿಸಿ, 1920ರ ದಶಕದ ಕೊನೆಯಲ್ಲಿ ಹಿಮಾಲಯದ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತ್ತು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ಮಾರಕಗಳನ್ನು ರಕ್ಷಿಸುವ ಉದ್ದೇಶದ 1935ರ ರೋರಿಚ್ ಒಪ್ಪಂದ ನಿಕೊಲಾಯ್ ಅವರ ಪ್ರಯತ್ನದ ಫಲ.

ಮದುವೆಯ ನಂತರ ಕೆಲವು ವರ್ಷ ದಂಪತಿಗಳು ಕುಲು ಕಣಿವೆಯಲ್ಲಿದ್ದರು. ನೆಹರೂ ಕುಟುಂಬದೊಂದಿಗೆ ಅವರಿಗೆ ಆತ್ಮೀಯತೆಯಿತ್ತು. ಸಂಸತ್ ಭವನದಲ್ಲಿರುವ ಜವಾಹರಲಾಲ್ ನೆಹರೂ ಅವರ ಭಾವಚಿತ್ರ ಸ್ವೆತೊಸ್ಲಾವ್ ಅವರ ಕೃತಿ. ಪತ್ನಿಯ ಭಾವಚಿತ್ರಗಳನ್ನೂ ಅವರು ಹಲವು ಬಾರಿ ರಚಿಸಿದರು. ಚಲನಚಿತ್ರದ ಮೂಲಕ ಪ್ರಸಿದ್ಧವಾಗಿದ್ದ ಮುಖವು ಹೀಗೆ ವರ್ಣಚಿತ್ರಗಳಲ್ಲಿ ಮತ್ತೊಮ್ಮೆ ಉಳಿಯಿತು.

ನಟನೆಯನ್ನು ಬಿಟ್ಟರೂ ದೇವಿಕಾ ರಾಣಿಯವರು ಚಿತ್ರರಂಗದ ಚಿಂತನೆಯಿಂದ ಪೂರ್ತಿ ವಿಮುಖರಾಗಲಿಲ್ಲ. ಸಂಗೀತ ನಾಟಕ ಅಕಾಡೆಮಿಯು 1955ರಲ್ಲಿ ದೆಹಲಿಯಲ್ಲಿ ಏರ್ಪಡಿಸಿದ ಚಲನಚಿತ್ರ ವಿಚಾರಸಂಕಿರಣದ ಸಂಘಟನೆಯಲ್ಲಿ ಅವರು ಮುಖ್ಯ ಪಾತ್ರ ವಹಿಸಿದ್ದರು.

ಬೆಂಗಳೂರಿನ ಜೀವನ

ರೋರಿಚ್ ದಂಪತಿಗಳು ಅನಂತರ ಬೆಂಗಳೂರಿಗೆ ಬಂದು ನೆಲೆಸಿದರು. ಬನಶಂಕರಿ, ಕೋಣನಕುಂಟೆಗಳನ್ನು ದಾಟಿ ಕನಕಪುರದತ್ತ ಸಾಗುವ ರಸ್ತೆಯಲ್ಲಿ, ಬನ್ನೇರುಘಟ್ಟ ಅರಣ್ಯಕ್ಕೆ ಸಮೀಪದಲ್ಲಿರುವ ತಾತಗುಣಿಯಲ್ಲಿ ಅವರ ಎಸ್ಟೇಟ್ ಇತ್ತು. ಅದರ ವಿಸ್ತೀರ್ಣ 450 ಎಕರೆಗೂ ಅಧಿಕ. ಸುಗಂಧ ತೈಲವನ್ನು ಕೊಡುವ ಲಿನಾಲೋ ಮರಗಳನ್ನು ಅಲ್ಲಿ ಬೆಳೆಸಿ, ತೈಲೋತ್ಪಾದನೆಯನ್ನು ನಡೆಸುತ್ತಿದ್ದರು. ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಆ ರಸ್ತೆಯ ಉದ್ದಕ್ಕೂ ನಗರ ಬೆಳೆದಿದೆ. ಅವರು ಬಂದು ನೆಲೆಸಿದಾಗ ಈ ಬಡಾವಣೆಗಳಲ್ಲಿ ಹೆಚ್ಚಿನವು ಇನ್ನೂ ಹಳ್ಳಿ, ಹೊಲ, ಕೆರೆಗಳ ಪ್ರದೇಶವಾಗಿದ್ದವು.

ದಂಪತಿಗಳದು ಬಹುಮಟ್ಟಿಗೆ ಏಕಾಂತದ ಬದುಕು. ಅವರಿಗೆ ಮಕ್ಕಳಿರಲಿಲ್ಲ. ಹಾಗೆಂದು ನಗರದ ಸಾಂಸ್ಕೃತಿಕ ಜೀವನದಿಂದ ಅವರು ದೂರವಿರಲಿಲ್ಲ. ಎಂ. ಎಸ್. ನಂಜುಂಡರಾವ್ ಅವರು ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಂದಿಗೆ ಅವರಿಗೆ ನಿಕಟ ಸಂಬಂಧವಿತ್ತು. ಪರಿಷತ್ತಿನಲ್ಲಿ ರೋರಿಚ್ ಅವರ ಕೃತಿಗಳಿಗೆ ಮೀಸಲಾದ ಪ್ರತ್ಯೇಕ ಗ್ಯಾಲರಿಯಿದೆ. ಪೌರಾಣಿಕ ಛಾಯೆಯ ಭೂದೃಶ್ಯಗಳನ್ನೂ ಗ್ರಾಮೀಣ ಜನಜೀವನದ ಚಿತ್ರಗಳನ್ನೂ ವಿದ್ಯಾರ್ಥಿಗಳು ಅಲ್ಲಿ ನೋಡಬಹುದು.

ನಿಧನ ಮತ್ತು ಎಸ್ಟೇಟಿನ ವಿವಾದ

ವೃದ್ಧಾಪ್ಯ ಹಾಗೂ ಅನಾರೋಗ್ಯದ ಕಾರಣ ಕೊನೆಯ ದಿನಗಳಲ್ಲಿ ದಂಪತಿಗಳು ಎಸ್ಟೇಟನ್ನು ಬಿಟ್ಟು ಬೆಂಗಳೂರು ನಗರದ ಹೋಟೆಲೊಂದರಲ್ಲಿ ವಾಸಿಸುತ್ತಿದ್ದರು. 1993ರ ಜನವರಿ 30ರಂದು ಸ್ವೆತೊಸ್ಲಾವ್ ಬೆಂಗಳೂರಿನಲ್ಲಿ ನಿಧನರಾದರು. ಒಂದು ವರ್ಷದ ಬಳಿಕ, 1994ರ ಮಾರ್ಚ್ 9ರಂದು, ಶ್ವಾಸಕೋಶದ ಕಾಯಿಲೆಯಿಂದ ದೇವಿಕಾ ರಾಣಿಯವರು ಅದೇ ನಗರದಲ್ಲಿ ಕೊನೆಯುಸಿರೆಳೆದರು. ಸಕಲ ಸರ್ಕಾರಿ ಗೌರವಗಳೊಂದಿಗೆ ಅವರ ಅಂತ್ಯಕ್ರಿಯೆ ನಡೆಯಿತು. ಇಬ್ಬರ ಸಮಾಧಿಗಳೂ ತಾತಗುಣಿ ಎಸ್ಟೇಟಿನಲ್ಲಿವೆ.

ವಾರಸುದಾರರಿಲ್ಲದ ದಂಪತಿಗಳ ಆಸ್ತಿ, ವರ್ಣಚಿತ್ರಗಳು ಹಾಗೂ ಇತರ ಅಮೂಲ್ಯ ವಸ್ತುಗಳ ಬಗ್ಗೆ ಅವರ ಕೊನೆಗಾಲದಲ್ಲಿಯೇ ವಿವಾದಗಳು ಎದ್ದಿದ್ದವು. ಎಸ್ಟೇಟನ್ನು ಸಾರ್ವಜನಿಕ ಉದ್ದೇಶಕ್ಕಾಗಿ ಸ್ವಾಧೀನಪಡಿಸಿಕೊಳ್ಳಲು ಕರ್ನಾಟಕ ಸರ್ಕಾರವು 1996ರಲ್ಲಿ ವಿಶೇಷ ಕಾಯಿದೆಯನ್ನು ತಂದಿತು. ಭೂಮಿಯ ಮೇಲೆ ಹಕ್ಕು ಸಾಧಿಸಿದ್ದ ಖಾಸಗಿ ಸಂಸ್ಥೆಯೊಂದು ಇದನ್ನು ಪ್ರಶ್ನಿಸಿತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ 300ಎ ವಿಧಿಯ ವ್ಯಾಖ್ಯಾನಕ್ಕಾಗಿ ಈ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುತ್ತಾರೆ. ತೀರ್ಪು ಬರುವ ವೇಳೆಗೆ ದೇವಿಕಾ ರಾಣಿಯವರು ತೀರಿಕೊಂಡು 17 ವರ್ಷಗಳಾಗಿದ್ದವು. ಎಸ್ಟೇಟಿನ ನಿರ್ವಹಣೆಗಾಗಿ ಸರ್ಕಾರವು ಮಂಡಳಿಯೊಂದನ್ನು ರಚಿಸಿದೆ.

ಪ್ರಶಸ್ತಿ ಮತ್ತು ಗೌರವಗಳು

• ಪದ್ಮಶ್ರೀ – 1958
• ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ – 1969ನೆಯ ಸಾಲಿನದು; ಈ ಪ್ರಶಸ್ತಿಯ ಪ್ರಥಮ ಪುರಸ್ಕೃತರು. ಕರ್ನಾಟಕದಲ್ಲಿ ನೆಲೆಸಿದ್ದ ಅವರ ನಂತರ, ಡಾ. ರಾಜ್‌ಕುಮಾರ್ ಅವರಿಗೆ 1995ನೆಯ ಸಾಲಿನಲ್ಲಿ, ಮೈಸೂರು ಮೂಲದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ 2008ನೆಯ ಸಾಲಿನಲ್ಲಿ ಇದೇ ಪ್ರಶಸ್ತಿ ಸಂದಿತು.
• ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ – 1990
• ಭಾರತೀಯ ಅಂಚೆ ಇಲಾಖೆಯು 2011ರಲ್ಲಿ ಹಳೆಯ ಕಾಲದ ನಾಯಕಿಯರ ಸ್ಮರಣೆಗಾಗಿ ಹೊರತಂದ ಅಂಚೆಚೀಟಿಗಳಲ್ಲಿ ದೇವಿಕಾ ರಾಣಿಯವರ ಚಿತ್ರವೂ ಇದೆ.

ನಟಿಸಿದ ಪ್ರಮುಖ ಚಿತ್ರಗಳು

• ಕರ್ಮ – 1933
• ಜವಾನಿ ಕಿ ಹವಾ – 1935
• ಜೀವನ್ ನೈಯಾ – 1936
• ಅಛೂತ್ ಕನ್ಯಾ – 1936
• ಜನ್ಮಭೂಮಿ – 1936
• ಇಜ್ಜತ್ – 1937
• ಸಾವಿತ್ರಿ – 1937
• ಜೀವನ್ ಪ್ರಭಾತ್ – 1937
• ನಿರ್ಮಲಾ – 1938
• ವಚನ್ – 1938
• ದುರ್ಗಾ – 1939
• ಅಂಜಾನ್ – 1941
• ಹಮಾರಿ ಬಾತ್ – 1943